ಐಗಳ ದವಡೆ ಮತ್ತು ಓದಲಾರದ ಕಾಗದ

ವೈದ್ಯಖಾತೆಯ ಅಧಿಕಾರಿಗಳೇ, ಐಗಳ ಎದೆಯ ಮೇಲಿದ್ದ ಒಂದು ಗೇಣು ಜೀವಂತ ಚರ್ಮವನ್ನು ಕೊಂದವರು ನೀವು. ಕೊಂದದ್ದು ಎರಡು ರುಜುಗಳಿಂದ. ಒಂದು ರುಜು ರೋಗಿಯನ್ನು ಖಾಟಿನಿಂದ ಎಬ್ಬಿಸಿ ಊರಿಗೆ ಅಟ್ಟಿತು. ಇನ್ನೊಂದು, ಅವರ ಊರಿನಲ್ಲಿ ಯಾರೂ ಓದಲಾರದ ಕಾಗದವೊಂದನ್ನು ಅವರ ಕೈಗೆ ಕೊಟ್ಟಿತು. ಮೊದಲನೆಯ ರುಜು ನಿಮ್ಮ ನಿರೀಕ್ಷಕರದು. ಎರಡನೆಯದು ನನ್ನದು. ಆದುದರಿಂದ ನಾನು ಈ ಆರೋಪವನ್ನು ದೂರ ನಿಂತು ಮಾಡುತ್ತಿಲ್ಲ; ಕಟಕಟೆಯಲ್ಲಿ ನಿಮ್ಮ ಪಕ್ಕದಲ್ಲಿಯೇ ನಿಂತು ಮಾಡುತ್ತಿದ್ದೇನೆ.

ದವಾಖಾನೆಯ ಊರನ್ನು ಹೆಸರಿಸುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಎಂಬ ನಾಲ್ಕು ಊರುಗಳ ನಡುವಿನ ಗಾಡಿದಾರಿಯಲ್ಲಿ ಎಲ್ಲೋ ಒಂದು ಕಡೆ ಅದು ಇದೆ. ಹನ್ನೆರಡು ಖಾಟು, ಒಬ್ಬ ಡಾಕ್ಟರು (ಅದು ನಾನು), ಒಬ್ಬ ಕಂಪೌಂಡರು, ಒಬ್ಬ ಮುನ್ಷಿ, ಪೂರ್ವಕ್ಕೆ ದೊಡ್ಡ ಕಿಟಕಿ ಇರುವ ಒಂದು ಕೋಣೆ. ವಿದ್ಯುತ್ತಿಲ್ಲ. ಆ ಕಿಟಕಿಯ ಬೆಳಕು ಇರುವಷ್ಟು ಹೊತ್ತು ಮಾತ್ರ ಅದು ಶಸ್ತ್ರಕ್ರಿಯೆಯ ಕೋಣೆ.

ಯುದ್ಧ ಮುಗಿದ ಮರುವರ್ಷ, ಜೋಳದ ಸುಗ್ಗಿಯ ಹೊತ್ತಿಗೆ, ಕುಷ್ಟಗಿ ಕಡೆಯ ಒಂದು ಹಳ್ಳಿಯಿಂದ ಐಗಳು ಗಾಡಿಯಲ್ಲಿ ಬಂದರು. ಸರಕಾರದ ಶಾಲೆ ಕಾಲಿಡದ ಆ ಹಳ್ಳಿಯಲ್ಲಿ, ಮಠದ ಪಡಸಾಲೆಯ ಮೇಲೆ ಮರಳು ಹರವಿ, ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದ ಜಂಗಮರು ಅವರು. ವಯಸ್ಸು ನಲವತ್ತೈದರ ಸುಮಾರು. ಮಕ್ಕಳು ಮಗ್ಗಿ ಒಪ್ಪಿಸುವಾಗ ಕೇಳುತ್ತ ಕೂರುವ ಐಗಳ ಎಡಗೆನ್ನೆಯಲ್ಲಿ ಸುಣ್ಣ ತಿಕ್ಕಿದ ತಂಬಾಕಿನ ಉಂಡೆ ಸದಾ ಇರುತ್ತಿತ್ತಂತೆ. ಉಂಡೆ ಇರುತ್ತಿದ್ದ ಜಾಗದಲ್ಲಿಯೇ ಈಗ ಹುಣ್ಣಿತ್ತು.

ಮಾತಾಡಿದವರು ಅವರ ಹೆಂಡತಿ. “ಆರು ತಿಂಗಳಾತ್ರಿ ಸಾಹೇಬ್ರ. ಹಲ್ಲಿನ ಬ್ಯಾನಿ ಅಂದ್ರು, ಲವಂಗ ಹಚ್ಚಿದ್ವಿ. ಉಷ್ಣ ಅಂದ್ರು, ಮಜ್ಜಿಗಿ ಕುಡಿಸಿದ್ವಿ. ಈಗ ಹಲ್ಲು ತಾವಾಗೇ ಉದರಾಕ ಹತ್ಯಾವ.”

ಬೆರಳಿಟ್ಟು ನೋಡಿದೆ. ಅಂಚು ಕಲ್ಲಿನಂತೆ ಗಟ್ಟಿ. ಹುಣ್ಣು ಕೆಳದವಡೆಯ ಎಲುಬಿಗೆ ಅಂಟಿಕೊಂಡಿತ್ತು. ಹೊರಗೆ ಗದ್ದದ ಎಡಭಾಗದ ಚರ್ಮವೂ ಕೆಂಪಾಗಿ ಒಳಕ್ಕೆ ಸೆಳೆದುಕೊಂಡಿತ್ತು. ದವಡೆಯ ಕೆಳಗೆ ಒಂದು ಗಂಟು. ಅದು ಇನ್ನೂ ಬೆರಳಿನಡಿ ಜಾರುತ್ತಿತ್ತು. ಜಾರುವ ಗಂಟು ಎಂದರೆ ಇನ್ನೂ ಕಾಲ ಮೀರಿಲ್ಲವೆಂದು ಅರ್ಥ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಡ ದವಡೆಯನ್ನು, ಕೆಳತುಟಿಯ ಎಡ ಅರ್ಧವನ್ನು, ಗದ್ದದ ಚರ್ಮವನ್ನು ತೆಗೆಯಬೇಕು. ತೆಗೆದಲ್ಲಿ ತೂತು ಉಳಿಯುತ್ತದೆ. ಆ ತೂತನ್ನು ಅವರದೇ ಎದೆಯ ಚರ್ಮದಿಂದ ಮುಚ್ಚಬಹುದು. ಆಮೇಲೆ ಸೊಂಟದಿಂದ ಎಲುಬಿನ ತುಂಡು ತಂದು ದವಡೆ ಕಟ್ಟಬಹುದು. ಯುದ್ಧಕಾಲದಲ್ಲಿ ಬೊಂಬಾಯಿಯ ಸೈನಿಕ ಆಸ್ಪತ್ರೆಯೊಂದರಲ್ಲಿ, ಗುಂಡಿನಿಂದ ಮುಖ ಹಾರಿದವರ ನಡುವೆ ನಾನು ಕಲಿತಿದ್ದ ಕೆಲಸ ಅದು.

ಐಗಳು ಎಲ್ಲ ಕೇಳಿ, ಹುಣ್ಣಿನ ಬಾಯಿಯಿಂದಲೇ ನಿಧಾನವಾಗಿ ಅಂದರು: “ನಂದು ಒಂದ ಮಾತೈತ್ರಿ. ಬಾಯಿ ಮುಚ್ಚಬೇಕು, ಮಾತು ಬರಬೇಕು. ಬಾಯಿಲ್ಲದ ಐಗಳ ಮುಂದ ಯಾವ ತಾಯಿ ತನ್ನ ಕೂಸನ್ನ ಕೂಡಸ್ತಾಳ? ನಾ ಉಳದು ಸಾಲಿ ಮುಚ್ಚಿತಂದ್ರ, ನೀವು ಉಳಿಸಿದ್ದರ ಏನು?”

ನಾನು ಮಾತು ಕೊಟ್ಟೆ. ಆ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಐಗಳ ಊರಿನ ಪತ್ತಾರನನ್ನು ಕರೆಸಿದೆ. ಎಡ ದವಡೆ ಹೋದ ಮೇಲೆ ಬಲ ದವಡೆ ಹಿಡಿತ ತಪ್ಪಿ ಎಡಕ್ಕೆ ವಾಲುತ್ತದೆ. ಅದು ವಾಲದಂತೆ ಬಲಗಡೆಯ ಹಲ್ಲುಗಳಿಗೆ ಬೆಳ್ಳಿಯ ಟೊಪ್ಪಿಗೆ ತೊಡಿಸಿ, ಅದರ ಮೇಲೊಂದು ಇಳಿಜಾರು ತಗಡು ಬೆಸೆಯಬೇಕು. ಬಾಯಿ ಮುಚ್ಚಿದಾಗಲೆಲ್ಲ ಆ ತಗಡು ದವಡೆಯನ್ನು ತನ್ನ ಜಾಗಕ್ಕೆ ತಳ್ಳುತ್ತದೆ. ಐಗಳ ಹಲ್ಲಿನ ಅಚ್ಚನ್ನು ಮೇಣದಲ್ಲಿ ತೆಗೆದುಕೊಟ್ಟೆ. ಪತ್ತಾರ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. “ಮೂಗುತಿ ಮಾಡೀನಿ, ಡಾಬು ಮಾಡೀನಿ, ದೇವರಿಗೆ ಕಣ್ಣು ಮಾಡೀನಿ. ಹಲ್ಲಿಗೆ ಟೊಪಗಿ ಮಾಡಿದ್ದಿಲ್ಲ ನೋಡ್ರಿ. ಐಗಳು ನನ್ನ ಬೆನ್ನ ಮ್ಯಾಲ ಛಡಿ ಮುರದಾರ. ಈಗ ಅವರ ಹಲ್ಲಿಗೆ ನಾ ಬಡೀತೀನಿ, ನಡೀರಿ.” ಮೂರು ದಿನಗಳಲ್ಲಿ ಮಾಡಿಕೊಟ್ಟ. ಬೊಂಬಾಯಿಯಲ್ಲಿಯೂ ನಾನು ಅಂಥ ಬಿಗಿಯಾದ ಕೆಲಸ ಕಂಡಿರಲಿಲ್ಲ.

ಶಸ್ತ್ರಕ್ರಿಯೆ ಸೂರ್ಯ ಕಿಟಕಿಗೆ ಬಂದೊಡನೆ ಆರಂಭವಾಯಿತು. ಪೂರ್ತಿ ಎಚ್ಚರ ತಪ್ಪಿಸಿದರೆ ರಕ್ತ ಗಂಟಲಿಗೆ ಇಳಿಯುವ ಭಯ. ಆದ್ದರಿಂದ ಮಾರ್ಫಿಯ ಕೊಟ್ಟು, ನರದ ಬುಡಕ್ಕೆ ಮರಗಟ್ಟಿಸುವ ಸೂಜಿ ಹಾಕಿ, ಅರೆ ಕುಳಿತ ಭಂಗಿಯಲ್ಲಿಯೇ ಮಾಡಬೇಕಾಯಿತು. ಮೊದಲು ಕೊರಳಿನ ಎಡಭಾಗವನ್ನು ತೆರೆದು ಮುಖಕ್ಕೆ ಹೋಗುವ ರಕ್ತನಾಳವನ್ನು ಕಟ್ಟಿದೆ. ಗಂಟನ್ನೂ ಅದರ ಸುತ್ತಲ ಕೊಬ್ಬನ್ನೂ ಒಟ್ಟಿಗೆ ಎತ್ತಿ ತೆಗೆದೆ. ಆಮೇಲೆ ಗದ್ದದ ನಡುವೆ ತಂತಿ ಗರಗಸ ತೂರಿಸಿದೆ. ಗರಗಸದ ಸದ್ದು ತಮ್ಮ ತಲೆಯೊಳಗೇ ಕೇಳುತ್ತಿದ್ದರೂ ಐಗಳು ಅಲುಗಲಿಲ್ಲ. ಅವರ ಬಲಗೈಯನ್ನು ಕಂಪೌಂಡರು ಹಿಡಿದಿದ್ದರು. ಅರವತ್ತು ಸಮೀಪಿಸಿದ, ಗಡ್ಡ ನೆರೆತ ಮುಸಲ್ಮಾನರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತದೆ. “ಹದಿಮೂರೊಂದ್ಲೆ ಹದಿಮೂರು ಅನ್ರಿ ಐಗಳ, ಮನಸಿನಾಗ ಅನ್ರಿ. ಮಗ್ಗಿ ಮುಗಿಯೂದ್ರಾಗ ಸಾಹೇಬ್ರು ಮುಗಸ್ತಾರ,” ಎಂದು ಅವರು ಕಿವಿಯಲ್ಲಿ ಹೇಳುತ್ತಿದ್ದರು. ದವಡೆ ಕೈಗೆ ಬಂದಾಗ ನಾಲಿಗೆ ಹಿಂದಕ್ಕೆ ಕುಸಿಯದಂತೆ ಅದರ ತುದಿಗೆ ದಾರ ಹಾಕಿ ಹೊರಗೆ ಬಟ್ಟೆಗೆ ಕಟ್ಟಿದೆವು. ಬಾಯೊಳಗಿನ ಚರ್ಮವನ್ನು ಹೊರಗಿನ ಚರ್ಮಕ್ಕೆ ಹೊಲಿದು ತೂತನ್ನು ತೂತಾಗಿಯೇ ಬಿಟ್ಟೆ. ಮೂಗಿನಿಂದ ಹೊಟ್ಟೆಗೆ ರಬ್ಬರು ನಳಿಗೆ ಇಳಿಸಿ ಗಂಜಿ ಹೊಯ್ಯುವ ವ್ಯವಸ್ಥೆಯಾಯಿತು.

ಅಂದಿನಿಂದ ಐಗಳ ಮಾತು ಮಕ್ಕಳು ಬರೆಯುವ ಕಲ್ಲಿನ ಪಾಟಿಯ ಮೇಲೆ. ಮಾತಾಡಲು ಯತ್ನಿಸಿದರೆ ಗಾಳಿಯೂ ಜೊಲ್ಲೂ ತೂತಿನಿಂದ ಹೋಗುತ್ತಿದ್ದವು. ತುಟಿಗೆ ತುಟಿ ತಾಗಿಸಿ ಆಡುವ ಪ, ಫ, ಬ, ಭ, ಮ ಎಂಬ ಅಕ್ಷರಗಳು ಪೂರ್ತಿ ಹೋಗಿದ್ದವು. ‘ಮಗ್ಗಿ’ ಎನ್ನಹೋದರೆ ‘ನಗ್ಗಿ’ ಆಗುತ್ತಿತ್ತು. ಐದು ಅಕ್ಷರ ಕಳೆದುಕೊಂಡ ಅಕ್ಷರದ ಮೇಷ್ಟ್ರು.

ಇನ್ನು ಚರ್ಮದ ಕೆಲಸ. ಎದೆಯ ಚರ್ಮವನ್ನು ಪೂರ್ತಿ ಕಿತ್ತು ಗದ್ದಕ್ಕೆ ಅಂಟಿಸಿದರೆ ಸಾಯುತ್ತದೆ. ಹೊಸ ಜಾಗದಲ್ಲಿ ರಕ್ತ ಸಿಗುವ ತನಕ ಅದರ ಒಂದು ತುದಿಯಾದರೂ ಹಳೆಯ ಜಾಗದಲ್ಲಿರಬೇಕು. ಆದ್ದರಿಂದ ಎಡ ಹೆಗಲಿನಿಂದ ಎದೆಯ ನಡುವಿನವರೆಗೆ ಓರೆಯಾಗಿ ಎರಡು ಸಮಾನಾಂತರ ಗೀರು ಹಾಕಿ, ನಡುವಿನ ಪಟ್ಟಿಯನ್ನು ಎತ್ತಿ, ಅದರ ಅಂಚುಗಳನ್ನು ಒಳಕ್ಕೆ ಸುರುಳಿ ಸುತ್ತಿ ಕೊಳವೆಯ ಹಾಗೆ ಹೊಲಿದೆ. ಎರಡು ತುದಿಗಳು ದೇಹಕ್ಕೆ ಅಂಟಿಯೇ ಇದ್ದವು. ನಡುಭಾಗ ಪೆಟ್ಟಿಗೆಯ ಹಿಡಿಕೆಯಂತೆ ಎದೆಯಿಂದ ಮೇಲೆ ನಿಂತಿತ್ತು. ದವಾಖಾನೆಯ ಮಂದಿ ಅದಕ್ಕೆ ಸೊಂಡಿಲು ಎಂದು ಹೆಸರಿಟ್ಟರು. ಪಕ್ಕದ ಖಾಟಿನ ಮುದುಕ ದಿನಾ ಬೆಳಗ್ಗೆ ಕೈಮುಗಿಯುತ್ತಿದ್ದ: “ಐಗಳ ರೂಪದಾಗ ಗಣಪ್ಪ ಬಂದಾನ್ರಪ. ಮೋದಕ ಮಾತ್ರ ಮೂಗಿನಾಗ ಹೊಯ್ಯಬೇಕು.” ನಾನು ಕ್ರಮವನ್ನು ವಿವರಿಸಿದಾಗ ಐಗಳು ಪಾಟಿಯ ಮೇಲೆ ದುಂಡಗೆ ಬರೆದರು: ‘ಮಲ್ಲಿಗೆಯ ಬಳ್ಳಿಯನ್ನು ನೆಲಕ್ಕೆ ಬಗ್ಗಿಸಿ, ಬೇರು ಹತ್ತಿದ ಮೇಲೆ ಕತ್ತರಿಸಿದ ಹಾಗೆ.’ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನನ್ನ ಯಾವ ಪ್ರಾಧ್ಯಾಪಕರೂ ಕೊಟ್ಟಿರಲಿಲ್ಲ.

ಕೊಳವೆ ಹೊಲಿದ ಹದಿನಾರನೆಯ ದಿನ ಎದೆಯ ಕಡೆಯ ತುದಿಯನ್ನು ಅರ್ಧ ಕತ್ತರಿಸಿ ಮತ್ತೆ ಹೊಲಿದೆ. ಕೊಳವೆ ಇನ್ನು ಹೆಗಲಿನ ಕಡೆಯ ರಕ್ತವನ್ನೇ ನಂಬಿ ಬದುಕಲು ಕಲಿಯಬೇಕು. ಎರಡು ವಾರ ಹೀಗೆ ಕಳೆದರೆ ಆ ತುದಿಯನ್ನು ಬಿಡಿಸಿ ಗದ್ದಕ್ಕೆ ಏರಿಸಬಹುದು. ಈ ಎರಡು ವಾರ ಹೆಗಲಿನ ಬಳಿ ಒಂದು ಬಿಗಿಯಾದ ಮಡಿಕೆಯೂ ಕೂಡದು. ಬಣ್ಣ ಕಪ್ಪಿಟ್ಟಿತೇ, ತಣ್ಣಗಾಯಿತೇ ಎಂದು ದಿನಕ್ಕೆ ನಾಲ್ಕು ಸಲ ಮುಟ್ಟಿ ನೋಡಬೇಕು.

ಮರುದಿನವೇ ನಿರೀಕ್ಷಕರು ಬಂದರು.

ಅವರ ಮನೆಮಾತೂ ಕನ್ನಡವೇ. ಇದನ್ನು ವಿಶೇಷವಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ನಮ್ಮಲ್ಲಿ ಕೆಲವರು ಈ ಕಥೆಯನ್ನು ಕೇಳಿದೊಡನೆ ಒಂದು ಜಾತಿಯ ಮೇಲೆ, ಒಂದು ಲಿಪಿಯ ಮೇಲೆ ಕೋಪ ತೀರಿಸಿಕೊಳ್ಳಲು ಎದ್ದು ನಿಲ್ಲುತ್ತಾರೆ. ನಮ್ಮ ಕಚೇರಿಗಳ ಭಾಷೆಯಾದ ಉರ್ದುವಿನ ತಪ್ಪೇನೂ ಇಲ್ಲಿಲ್ಲ. ತನ್ನ ತಾಯಿಗೆ ಕನ್ನಡದಲ್ಲಿ ಕಾಗದ ಬರೆಯುವ ಮನುಷ್ಯ, ತನ್ನ ರೋಗಿಗೆ ಮಾತ್ರ ಅದು ಕೂಡದು ಎನ್ನುವುದು ತಪ್ಪು.

ಐಗಳು ವರಾಂಡದಲ್ಲಿ ಅಡ್ಡಾಡುತ್ತಿದ್ದರು. ನಿರೀಕ್ಷಕರು ಅವರನ್ನು ನೋಡಿ ನನ್ನ ಕಡೆ ತಿರುಗಿದರು.

“ಚಲ್ತಾ ಫಿರ್ತಾ ಆದ್ಮಿ. ತಿರಗ್ಯಾಡೂ ಮನಷ್ಯಾಗ ಖಾಟು ಯಾಕ್ರಿ ಡಾಕ್ಟರ?”

“ಅವರ ಕಾಲು ತಿರುಗಾಡುತ್ತದೆ, ಈ ಕೊಳವೆ ತಿರುಗಾಡಲಾರದು. ಇನ್ನು ಎರಡು ವಾರ ನನ್ನ ಕಣ್ಣಿನ ಮುಂದಿರಬೇಕು.”

“ಇದು ಬೊಂಬಾಯಿ ಅಲ್ಲ. ಹುಣ್ಣು ತಗದೀರಿ, ಸರಕಾರದ ಕೆಲಸ ಆತು. ಚಂದ ಕಾಣೂದು ಅವರವರ ಶೋಕಿ. ಕಾಲರಾ ಬಂದೈತಿ, ಖಾಟು ಬೇಕು.”

“ಇದು ಚಂದದ ಮಾತಲ್ಲ ಸ್ವಾಮಿ. ಅವರ ಅನ್ನದ ಮಾತು.”

“ಸೂಚನಿ ಬರದು ಕೊಟ್ಟು ಕಳಸ್ರಿ. ಕಾಯದಿ ಪ್ರಕಾರ,” ಎಂದು ಅವರು ಬಿಡುಗಡೆಯ ಹುಕುಮಿಗೆ ರುಜು ಹಾಕಿದರು.

ಕಾಲರಾ ಬಂದದ್ದು ನಿಜ. ಗಂಗಾವತಿ ಕಡೆಯ ಹೊಳೆದಂಡೆಯ ಹಳ್ಳಿಗಳಿಗೆ ಅಂದೇ ಬೆಳಗ್ಗೆ ಚಾಚಾನನ್ನು ಸೂಜಿ ಹಾಕಲು ಕಳುಹಿಸಲಾಗಿತ್ತು. ಆದರೆ ನಮ್ಮ ಹನ್ನೆರಡು ಖಾಟುಗಳಲ್ಲಿ ಆ ದಿನ ಐದು ಬರಿದಾಗಿದ್ದವು, ಮುಂದಿನ ಎರಡು ವಾರವೂ ಬರಿದಾಗಿಯೇ ಉಳಿದವು. ಖಾತೆಯ ದಿನಚರಿ ನಿಮ್ಮಲ್ಲಿಯೇ ಇದೆ; ತೆರೆದು ನೋಡಿರಿ.

ಕಾಯಿದೆಯ ಪ್ರಕಾರ ಸೂಚನೆ ಕಚೇರಿಯ ಭಾಷೆಯಲ್ಲಿರಬೇಕು. ನಾನು ಹೇಳಿದೆ, ಮುನ್ಷಿ ಬರೆದ: ಹೆಗಲು ಎದೆಗಳ ಮೇಲೆ ಭಾರ ಬೀಳಬಾರದು, ಆ ಮಗ್ಗುಲು ಮಲಗಬಾರದು, ಕೊರಳಿನಲ್ಲಿ ಯಾವುದೇ ದಾರ, ತಾಯಿತ, ಸರ ಇರಬಾರದು, ಬಣ್ಣ ಬದಲಾದರೆ ತಕ್ಷಣ ಬರಬೇಕು. ಸಾಮಾನ್ಯವಾಗಿ ಇಂಥ ಕಾಗದವನ್ನು ಚಾಚಾ ರೋಗಿಗೆ ಕನ್ನಡದಲ್ಲಿ ಓದಿ ಹೇಳಿ, “ತಿರುಗಿ ನನಗ ಹೇಳ್ರಿ ನೋಡೂಣು” ಎಂದು ಒಪ್ಪಿಸಿಕೊಂಡು ಕಳುಹಿಸುತ್ತಿದ್ದರು. ಅಂದು ಚಾಚಾ ಇರಲಿಲ್ಲ. ಆ ಲಿಪಿ ನನಗೆ ಬಾರದು. ನಾನೇ ಓದಲಾರದ ಕಾಗದಕ್ಕೆ ನಾನು ರುಜು ಹಾಕಿದೆ. ನಿರೀಕ್ಷಕರು ಬಾಗಿಲಲ್ಲಿ ಕಾಯುತ್ತಿದ್ದರು. ಅವಸರದಲ್ಲಿ ಬಾಯಿಮಾತಿನಿಂದ ಒಂದಷ್ಟು ಹೇಳಿದೆ. ಅಂಗಿ ಬೇಡ, ಹೆಗಲ ಮೇಲೆ ಟವೆಲು ಬೇಡ, ಭಾರ ಎತ್ತುವುದು ಬೇಡ. ಕಾಗದದಲ್ಲಿ ‘ದಾರ’ ಎಂಬ ಮಾತಿತ್ತು. ನನ್ನ ಬಾಯಲ್ಲಿ ಅದು ಬರಲಿಲ್ಲ.

ಹನ್ನೊಂದನೆಯ ದಿನ ಗಾಡಿ ಮರಳಿ ಬಂತು. ಮರಳಿ ಬರಲು ನಾನು ಕೊಟ್ಟಿದ್ದ ದಿನಕ್ಕಿಂತ ಮೂರು ದಿನ ಮೊದಲು. ಐಗಳು ಇಳಿಯುವ ಮೊದಲೇ ವಾಸನೆ ಇಳಿಯಿತು.

ಬಟ್ಟೆ ಬಿಚ್ಚಿದೆ. ಹೆಗಲಿನಿಂದ ಮೂರು ಬೆರಳು ಕೆಳಗೆ ಕೊಳವೆಯ ಮೇಲೆ, ಕೊಡದ ಕಂಠಕ್ಕೆ ಹಗ್ಗ ಉಜ್ಜಿದಂಥ ಒಂದು ಗೆರೆ. ಗೆರೆಯ ಆಚೆ ಹೆಗಲಿನ ಕಡೆ ಚರ್ಮ ಗುಲಾಬಿ. ಈಚೆ ಎದೆಯ ಕಡೆ ಪೂರ್ತಿ ಕಪ್ಪು, ಒಣಗಿದ ಬದನೆಕಾಯಿಯಂತೆ. ಸೂಜಿ ಚುಚ್ಚಿದೆ, ರಕ್ತ ಬರಲಿಲ್ಲ. ಮತ್ತೊಂದು ಕಡೆ ಚುಚ್ಚಿದೆ. ಇಲ್ಲ.

“ಇಲ್ಲಿ ಏನು ಕಟ್ಟಿದ್ದಿರಿ?” ಎಂದು ಕೂಗಿದೆ. ಹೌದು, ಕೂಗಿದೆ; ಅದನ್ನು ಮುಚ್ಚಿಡುವುದಿಲ್ಲ.

ಐಗಳ ಹೆಂಡತಿ ಬೆದರಲಿಲ್ಲ. “ಏನೂ ಕಟ್ಟಿಲ್ರಿ. ನೀವು ಅಂದಂಗ ಅಂಗಿ ಹಾಕಿಲ್ಲ, ಟವೆಲ್ ಹೊಚ್ಚಿಲ್ಲ. ಒಂದು ತಂಬಿಗಿ ನೀರು ಎತ್ತಗೊಟ್ಟಿಲ್ಲ ನಾನು.”

“ಈ ಗೆರೆ ದಾರದ್ದು!”

ಆಕೆ ಗೆರೆಯನ್ನು ನೋಡಿದರು, ಗಂಡನನ್ನು ನೋಡಿದರು. ಐಗಳು ತಮ್ಮ ಕೊರಳಿಗೆ ಕೈಯಿಟ್ಟು, ಬಲಗಡೆ ಸೆರಗಿನಂತೆ ಹೊದ್ದಿದ್ದ ತೆಳು ಬಟ್ಟೆಯನ್ನು ಸರಿಸಿದರು. ನಾನು ಬಟ್ಟೆ ಬಿಚ್ಚುವ ಮೊದಲು ಬಲಕ್ಕೆ ಸರಿಸಿಕೊಂಡಿದ್ದ ಶಿವದಾರ. ಅದರ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅಂಗೈಯಗಲದ ಆ ಬೆಳ್ಳಿಯ ಭಾರ ದಿನವಿಡೀ ದಾರವನ್ನು ಕೊಳವೆಯ ಮೇಲೆ ಎಳೆದು ಹಿಡಿದಿತ್ತು. ಎದೆಯ ಕಡೆಯಿಂದ ಬರುವ ರಕ್ತವನ್ನು ನಾನು ಅರ್ಧ ಕತ್ತರಿಸಿದ್ದೆ; ಹೆಗಲಿನ ಕಡೆಯದನ್ನು ದಾರ ಹಿಸುಕಿತು.

“ದಾರ ಇರಬಾರದು ಎಂದು ಕಾಗದದಲ್ಲಿ ಬರೆಸಿದ್ದೆನಲ್ಲ!”

“ಕಾಗದ ಓದೋರು ಯಾರ್ರಿ?” ಆಕೆ ಸಂಚಿಯಿಂದ ಅದನ್ನು ತೆಗೆದು ನನ್ನ ಮುಂದೆ ಹಿಡಿದರು. ಮಡಿಕೆ ಮುರಿಯದೆ ಹೊಸದಾಗಿಯೇ ಇತ್ತು. “ಇವರು ಊರಿಗೆಲ್ಲ ಅಕ್ಷರ ಕಲಿಸಿದವರು. ಇದನ್ನ ತಿರುವಿ ಮುರುವಿ ನೋಡಿ ಕೆಳಗ ಇಟ್ರು. ಓದಾಕ ಬರಲಿಲ್ಲಂತ ಹುಡುಗ್ರ ಮುಂದ ನಾಚಿಕೊಂಡ್ರು. ಮತ್ತ ಸಾಹೇಬ್ರ, ಬರದಿದ್ರೂ ಏನಾತು? ಲಿಂಗ ಅಂದ್ರ ತಾಯಿತ ಅಲ್ಲ, ಸರ ಅಲ್ಲ. ಅದನ್ನ ತಗೀರಿ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ನೀವೂ ಲಿಂಗವಂತರ ಮನಿಯವರಂತ. ನಿಮ್ದು ಎಲ್ಲೈತ್ರಿ?”

ನನ್ನದು ಬೊಂಬಾಯಿಯ ಮೊದಲ ವರ್ಷದಲ್ಲಿ ಪೆಟ್ಟಿಗೆಯ ತಳ ಸೇರಿತ್ತು. ವಿಚಾರವಂತನಾದೆನೆಂಬ ಹೆಮ್ಮೆಯಿಂದ ತೆಗೆದಿಟ್ಟಿದ್ದೆ. ತೆಗೆದದ್ದಕ್ಕೆ ಇಂದೂ ಪಶ್ಚಾತ್ತಾಪವಿಲ್ಲ. ಆದರೆ ತೆಗೆದವನು ಮರೆತೇಬಿಟ್ಟ, ಅದಕ್ಕೆ ಕ್ಷಮೆಯಿಲ್ಲ. ನನ್ನ ನೆರೆಹೊರೆಯ ಪ್ರತಿಯೊಂದು ಎದೆಯ ಮೇಲೂ ಇರುವ ವಸ್ತುವನ್ನು, ಆ ಎದೆಯನ್ನೇ ಕೊಯ್ದು ಹೊಲಿದ ನಾನು ಕಾಣಲಿಲ್ಲ.

ಹಾಗಾದರೆ ಕೊಳವೆ ಹೊಲಿದ ಮೇಲೆ ದವಾಖಾನೆಯಲ್ಲಿದ್ದ ಹದಿನೇಳು ದಿನ ಆ ಲಿಂಗ ಎಲ್ಲಿತ್ತು? ಮೂರು ದಿನಗಳ ಮೇಲೆ ಕಾಲರಾ ಊರುಗಳಿಂದ ಮರಳಿದ ಚಾಚಾ ಉತ್ತರ ಹೇಳಿದರು. ಕಪ್ಪಾದ ಕೊಳವೆಯನ್ನು ನೋಡಿ ಅವರು ಐಗಳ ಬಲ ತೋಳನ್ನು ಹಿಡಿದು ನನಗೆ ತೋರಿಸಿದರು.

“ಅರೆ ಸಾಹೇಬ್ರ! ನಾ ದಿನಾ ಮುಂಜಾನೆ ಬಲಗಡಿ ತೋಳಿಗೆ ಕಟ್ಟಸ್ತಿದ್ದೆ. ನಾ ಮುಟ್ಟಬಾರದಲ್ಲ, ನೀರು ಹಾಕಿ ಕೊಡ್ತಿದ್ದೆ, ಅವರ ಪೂಜಿ ಮಾಡಿಕೊಂಡು ಅವರ ಕಟ್ಟಿಕೋತಿದ್ರು. ನಾ ಬರೇ ತೋಳು ಹಿಡೀತಿದ್ದೆ. ನಿಮಗ ಗೊತ್ತಿತ್ತಂತ ತಿಳದಿದ್ದೆ. ನಿಮಗ ಗೊತ್ತಿಲ್ಲ ಅನ್ನೂದು ನನಗ ಹ್ಯಾಂಗ ಹೊಳೀಬೇಕ್ರಿ?”

ಐಗಳು ಪಾಟಿಯ ಮೇಲೆ ಬರೆದರು: ‘ದವಾಖಾನೆಯಲ್ಲಿ ತೋಳಿಗೆ, ಮನೆಯಲ್ಲಿ ಎದೆಗೆ ಎಂದು ತಿಳಿದೆ. ತಪ್ಪು ನನ್ನದು.’ ನಾನು ಕೊನೆಯ ಎರಡು ಪದಗಳನ್ನು ಅಂಗೈಯಿಂದ ಅಳಿಸಿದೆ. ಅವರು ಮತ್ತೆ ಬರೆದರು. ಮತ್ತೆ ಅಳಿಸಿದೆ.

ಸತ್ತ ಭಾಗವನ್ನು ಕತ್ತರಿಸಿ ತೆಗೆದೆ. ಈಗ ಏನು ಮಾಡಬೇಕು? ನಿರೀಕ್ಷಕರ ಚೀಟಿ ಬಂದಿತ್ತು: ಗದ್ದಕ್ಕೆ ಬಟ್ಟೆ ಕಟ್ಟಿ ಕಳುಹಿಸಿರಿ, ಪ್ರಕರಣ ಮುಗಿಸಿರಿ. ಇನ್ನೊಂದು ಮಾರ್ಗವಿತ್ತು. ಹಣೆಯ ಚರ್ಮವನ್ನು ಇಳಿಸಿ ಗದ್ದಕ್ಕೆ ಹೊಲಿಯುವುದು. ಬೇಗ ಮುಗಿಯುತ್ತದೆ, ದೀರ್ಘಕಾಲ ಖಾಟು ಬೇಡ. ಐಗಳು ಕೂಡಲೇ ಒಪ್ಪಿದರು. ‘ವಿಭೂತಿಯನ್ನು ಗಾಯದ ಮೇಲೂ ಹಚ್ಚಬಹುದು’ ಎಂದು ಬರೆದರು. ನಾನು ಒಂದು ದಿನ ಯೋಚಿಸಿದೆ. ಎಡ ಕೊರಳಿನ ನಾಳವನ್ನು ಮೊದಲ ದಿನವೇ ಕಟ್ಟಿದ್ದರಿಂದ ಹಣೆಯ ಎಡಭಾಗಕ್ಕೆ ರಕ್ತ ಸಾಲದು. ಬಲಭಾಗದ ಚರ್ಮ ಅಷ್ಟು ದೂರ ಎಟುಕದು. ಎಟುಕಿದರೂ ಒಳಮೈ ಹೊರಮೈ ಎರಡಕ್ಕೂ ಸಾಲದು. ಅದು ಕೆಟ್ಟರೆ ಮುಖದಲ್ಲಿ ಇನ್ನೇನೂ ಉಳಿಯುವುದಿಲ್ಲ. ಕಚೇರಿಗೊಂದು ಖಾಟು ಉಳಿಸಲು ಐಗಳ ಹಣೆಯನ್ನು ಪಣಕ್ಕಿಡುವ ಅಧಿಕಾರ ನನಗಿರಲಿಲ್ಲ. ಬಲ ಹೆಗಲಿನಿಂದ ಎರಡನೆಯ ಕೊಳವೆ ಎತ್ತುವುದೆಂದು ನಿರ್ಧರಿಸಿದೆ. ಅದಕ್ಕೆ ಎರಡು ತಿಂಗಳು ಬೇಕು. ಖಾಟು ಸಿಗದು. ಆದ್ದರಿಂದ ಐಗಳ ಹಾಸಿಗೆಯನ್ನು ನನ್ನ ವಸತಿಯ ಪಡಸಾಲೆಗೆ ತಂದೆ. ಸರಕಾರಿ ವಸತಿಯಲ್ಲಿ ರೋಗಿಯನ್ನು ಇಟ್ಟುಕೊಳ್ಳುವುದು ಅಪರಾಧವೆಂದು ನನಗೆ ಗೊತ್ತಿತ್ತು. ಒಂದು ವಾರದೊಳಗೆ ನನ್ನಿಂದ ಕೈಫಿಯತ್ತು, ಅಂದರೆ ಲಿಖಿತ ಸಮಜಾಯಿಷಿ, ಕೇಳಲಾಯಿತು. ಮೂರು ಸಲ ಬರೆದುಕೊಟ್ಟೆ. ನನ್ನ ಬಡ್ತಿ ನಿಂತಿತು. ಅದರ ಮಾತು ಇಷ್ಟೇ ಸಾಕು.

ಈ ಸಲ ಲಿಂಗವನ್ನು ಎಡ ತೋಳಿಗೆ ಕಟ್ಟಿದರು. ಚಾಚಾ ತೋಳು ಹಿಡಿದರು, ಐಗಳು ಕಟ್ಟಿಕೊಂಡರು, ನಾನು ನಿಂತು ನೋಡಿದೆ. ಸೂಚನೆಗಳನ್ನು ನಾನೇ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಐಗಳು ಅದನ್ನು ಓದಿ, ಸೀಮೆಸುಣ್ಣದಿಂದ ಕೆಳಗೆ ‘ಹತ್ತಕ್ಕೆ ಆರು, ಅಕ್ಷರ ದುಂಡಗಿಲ್ಲ’ ಎಂದು ಬರೆದರು. ಮೂರು ವಾರದ ಮೇಲೆ ಎದೆಯ ತುದಿಯನ್ನು ಬಿಡಿಸಿ ಗದ್ದದ ತೂತಿಗೆ ಏರಿಸಿದೆ; ಎಳೆತ ಬೀಳದಂತೆ ತಲೆಯನ್ನು ಬಲಕ್ಕೆ ಬಾಗಿಸಿ ಪ್ಲಾಸ್ಟರಿನಲ್ಲಿ ಬಂಧಿಸಿದೆ. ಮತ್ತೆ ಮೂರು ವಾರ ಐಗಳು ಲೋಕವನ್ನು ಓರೆಯಾಗಿ ನೋಡಿದರು. ಚಾಚಾ ಮತ್ತು ಐಗಳ ಹೆಂಡತಿ ಸರದಿಯಲ್ಲಿ ಕೊಳವೆಯನ್ನು ಮುಟ್ಟಿ “ಬೆಚ್ಚಗೈತಿ” ಎನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ನಮ್ಮೆಲ್ಲರ ಊಟ ನಿದ್ದೆ ನಿಂತಿತ್ತು. ಅದು ಕೊನೆಯವರೆಗೂ ಬೆಚ್ಚಗಿತ್ತು. ಹೆಗಲಿನ ತುದಿಯನ್ನು ಕತ್ತರಿಸಿ, ಚರ್ಮವನ್ನು ಹರವಿ, ತುಟಿಯ ಅಂಚು ಕೂಡಿಸಿ, ತೂತನ್ನು ಮುಚ್ಚಿದೆ.

ಹೊಲಿಗೆ ತೆಗೆದ ದಿನ ಆಕೆ ಎದುರು ಕುಳಿತರು. “ಅನ್ರಿ ನೋಡೂಣು. ಬ.”

ಐಗಳು ಯತ್ನಿಸಿದರು. ಗಾಳಿ ಜಾರಿತು.

“ಇಪ್ಪತ್ತು ವರ್ಷ ಹುಡುಗ್ರ ಕಿವಿ ಹಿಂಡೀರಿ. ನಿಮ್ಮ ಕಿವಿ ಹಿಂಡಾಕ ನಾ ಬರಬೇಕೇನು? ಅನ್ರಿ!”

ಮೂರನೆಯ ಸಲಕ್ಕೆ ತುಟಿಗೆ ತುಟಿ ತಾಗಿತು. “ಬ.” ಸಣ್ಣದು, ಒದ್ದೆಯಾದದ್ದು; ಆದರೂ ಬ. ಚಾಚಾ ಗೋಡೆಯ ಕಡೆ ಮುಖ ಮಾಡಿ ಗಡ್ಡ ಒರೆಸಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಇದು ಗೆಲುವಿನ ಕಥೆಯಾಗುತ್ತದೆ. ಆಗಲು ನಾನು ಬಿಡುವುದಿಲ್ಲ. ಐಗಳ ದವಡೆಯಲ್ಲಿ ಎಲುಬಿಲ್ಲ. ಚರ್ಮದ ಗೋಡೆಯಿದೆ, ಒಳಗೆ ತೊಲೆಯಿಲ್ಲ. ಬಲಗಡೆಯ ನಾಲ್ಕು ಹಲ್ಲು ಮತ್ತು ಪತ್ತಾರನ ಬೆಳ್ಳಿ ತಗಡು ಅಷ್ಟೂ ಭಾರ ಹೊತ್ತಿವೆ. ಮೊದಲ ಕೊಳವೆ ಉಳಿದಿದ್ದರೆ ಇಷ್ಟರಲ್ಲಿ ಎಲುಬು ಸೇರಿಸಿಯಾಗಿರುತ್ತಿತ್ತು. ಕಳೆದ ತಿಂಗಳು ನೋಡಿದಾಗ ಆ ಹಲ್ಲುಗಳಲ್ಲಿ ಎರಡು ಅಲುಗುತ್ತಿದ್ದವು. ಅವು ಬಿದ್ದರೆ ದವಡೆ ಎಡಕ್ಕೆ ವಾಲುತ್ತದೆ. ಗಾಯದ ಕಲೆ ಅದನ್ನು ಅಲ್ಲಿಯೇ ಬಿಗಿಯುತ್ತದೆ. ತುಟಿ ಮತ್ತೆ ತೆರೆಯುತ್ತದೆ. ಆಮೇಲೆ ಯಾವ ಎಲುಬೂ ಕೂರುವುದಿಲ್ಲ. ಐಗಳು ಮಠದ ಪಡಸಾಲೆಯಲ್ಲಿ ಮತ್ತೆ ಮರಳು ಹರವಿದ್ದಾರೆ. ಮೊದಲಿನ ಮಕ್ಕಳಲ್ಲಿ ಅರ್ಧದಷ್ಟು ಬಂದಿದ್ದಾರೆ. ದಿನಕ್ಕೆ ಒಂದು ತಾಸು ಮಾತಾಡಬಲ್ಲರು, ಆಮೇಲೆ ಪಾಟಿ.

ಸೊಂಟದ ಎಲುಬು ಕೂರಿಸಿದ ಮೇಲೆ ಎಂಟು ವಾರ ದವಡೆ ಅಲುಗಬಾರದು. ಹಲ್ಲಿಗೆ ಹಲ್ಲು ತಂತಿಯಿಂದ ಕಟ್ಟಿರಬೇಕು. ಉಸಿರು ಕಟ್ಟಿದರೆ ಆ ಕ್ಷಣದಲ್ಲಿ ತಂತಿ ಕತ್ತರಿಸುವ ಕೈ ಹತ್ತಿರ ಬೇಕು. ಅದು ಪಡಸಾಲೆಯಲ್ಲಿ ಮಾಡುವ ಕೆಲಸವಲ್ಲ. ಖಾಟು ಬೇಡಿ ಐಗಳು ತಾವೇ ಅರ್ಜಿ ಬರೆದರು. ಅಂಥ ಅಕ್ಷರವನ್ನು ನಿಮ್ಮ ಕಚೇರಿ ಕಂಡಿರಲಿಕ್ಕಿಲ್ಲ. ಅದು ಒಂದು ವಾಕ್ಯದ ಷರಾದೊಂದಿಗೆ ಹಿಂದಿರುಗಿತು: ಕಚೇರಿಯ ಭಾಷೆಯಲ್ಲಿಲ್ಲವಾದ ಕಾರಣ ಪರಿಶೀಲಿಸಲಾಗಿಲ್ಲ. ಆ ಷರಾವನ್ನು ಅವರಿಗೆ ಓದಿ ಹೇಳಲು ಮತ್ತೆ ಚಾಚಾನೇ ಬೇಕಾಯಿತು.

ಅಧಿಕಾರಿಗಳೇ, ನೀವು ಕೇಳಿದಾಗಲೆಲ್ಲ ನಾನು ಕೈಫಿಯತ್ತು ಕೊಟ್ಟಿದ್ದೇನೆ. ನನ್ನ ಪಾಲಿನ ತಪ್ಪನ್ನು ಇಲ್ಲಿ, ಎಲ್ಲರೆದುರು, ಒಪ್ಪಿದ್ದೇನೆ. ಈಗ ನಿಮ್ಮ ಕೈಫಿಯತ್ತನ್ನು ವಿಧ್ಯುಕ್ತವಾಗಿ ಕೇಳುತ್ತೇನೆ. ಐದು ಖಾಟು ಬರಿದಾಗಿರುವಾಗ ಒಬ್ಬ ರೋಗಿಯನ್ನು ಶಸ್ತ್ರಕ್ರಿಯೆಯ ನಡುವೆ ಹೊರಗಟ್ಟಿದ್ದು ಯಾವ ಕಾಯಿದೆಯ ಯಾವ ಕಲಮಿನಿಂದ? ರೋಗಿಗೆ ಕೊಡುವ ಸೂಚನೆ ರೋಗಿಗೆ ತಿಳಿಯಬಾರದೆಂದು ತೀರ್ಮಾನಿಸಿದವರು ಯಾರು? ಐಗಳಿಗೆ ಎಂಟು ವಾರದ ಖಾಟನ್ನು, ಆ ಎರಡು ಹಲ್ಲುಗಳು ಬೀಳುವ ಮೊದಲು, ಮಂಜೂರು ಮಾಡಬೇಕು. ಇನ್ನು ಮುಂದೆ ಈ ನಾಲ್ಕು ತಾಲ್ಲೂಕುಗಳ ದವಾಖಾನೆಗಳಿಂದ ಮನೆಗೆ ಹೋಗುವ ಪ್ರತಿಯೊಂದು ಸೂಚನೆಯೂ ರೋಗಿ ಓದುವ ಭಾಷೆಯಲ್ಲಿ ಇರಬೇಕು, ಓದಲು ಬಾರದವರಿಗೆ ಓದಿ ಹೇಳಿ ತಿರುಗಿ ಒಪ್ಪಿಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಬೇಕು. ಇದು ನನ್ನ ಪ್ರಾರ್ಥನೆ, ಐಗಳ ಹಕ್ಕು.

ಉತ್ತರವನ್ನು ನನಗೆ ಕಳುಹಿಸುವುದು ಬೇಡ. ಮಠದ ಪಡಸಾಲೆಗೆ, ಐಗಳ ಹೆಸರಿಗೆ ಕಳುಹಿಸಿರಿ. ಕನ್ನಡದಲ್ಲಿ, ದುಂಡಗೆ ಬರೆಯಿರಿ. ಮಕ್ಕಳೆದುರು ಅವರೇ ಅದನ್ನು ಗಟ್ಟಿಯಾಗಿ ಓದುತ್ತಾರೆ. ದಿನಕ್ಕೆ ಒಂದು ತಾಸು ಮಾತ್ರ ಅವರಿಗೆ ಮಾತಿದೆ. ಆದ್ದರಿಂದ ಬೇಗ ಬರೆಯಿರಿ.